ಗಿಡದ ಪಂಚಾಂಗ: ಬೆಳಕಿನ ಬಣ್ಣ, ಹಗಲಿನ ಉದ್ದ, ಬೆಳೆಯ ನಡೆ

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಹೋದವರಿಗೆ ರಸ್ತೆ ಪಕ್ಕದ ಕೆಲವು ತೋಟಗಳಲ್ಲಿ ಎಲ್‌ಇಡಿ ಬಲ್ಬುಗಳು ಸಾಲಾಗಿ ಉರಿಯುವುದು ಕಾಣುತ್ತದೆ. ಕೆಳಗಿರುವುದು ಸೇವಂತಿಗೆ. ರಾತ್ರಿಯೂ ಬೆಳಕು ಕೊಟ್ಟು ಬೇಗ ಹೂ ಬಿಡಿಸುವ ಉಪಾಯವಿರಬೇಕು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ನಡೆಯುವುದು ಅದರ ತದ್ವಿರುದ್ಧ. ಆ ಬಲ್ಬುಗಳು ಉರಿಯುವಷ್ಟು ದಿನ ಸೇವಂತಿಗೆ ಮೊಗ್ಗು ಕಟ್ಟುವುದಿಲ್ಲ. ಗಿಡ ಎತ್ತರಕ್ಕೆ ಹೋಗಿ, ಕವಲೊಡೆದು, ಮೈತುಂಬಿಕೊಂಡ ಮೇಲೆ ರೈತ ಸ್ವಿಚ್ ಆರಿಸುತ್ತಾನೆ. ಹೂವಿನ ಕೆಲಸ ಶುರುವಾಗುವುದು ಆಮೇಲೆ.

ಆ ಬಲ್ಬಿನ ಬೆಳಕಿನಿಂದ ಗಿಡಕ್ಕೆ ಸಿಗುವ ಆಹಾರ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದರೂ ಅದು ಗಿಡದ ಬದುಕಿನ ದಿಕ್ಕನ್ನೇ ಬದಲಿಸುತ್ತದೆ. ಏಕೆಂದರೆ ಬೆಳಕು ಗಿಡಕ್ಕೆ ಊಟವೂ ಹೌದು, ಪಂಚಾಂಗವೂ ಹೌದು. ಎಷ್ಟು ಸಕ್ಕರೆ ತಯಾರಾಗಬೇಕು ಎಂಬುದು ಊಟದ ಲೆಕ್ಕ. ಈಗ ಯಾವ ಕಾಲ, ಪಕ್ಕದಲ್ಲಿ ಯಾರಿದ್ದಾರೆ, ಹೂ ಬಿಡುವ ಹೊತ್ತಾಯಿತೇ ಎಂಬುದು ಪಂಚಾಂಗದ ಲೆಕ್ಕ. ಇವೆರಡಕ್ಕೂ ಬೇಕಾಗುವ ಬೆಳಕಿನ ಪ್ರಮಾಣ ಬೇರೆ, ಬಣ್ಣ ಬೇರೆ, ತಗಲುವ ಖರ್ಚಂತೂ ತೀರಾ ಬೇರೆ. ಸುಮಾರು 150 ವರ್ಷಗಳ ಸಂಶೋಧನೆಯನ್ನೂ ಇಂದಿನ ‘ಗ್ರೋ ಲೈಟ್’ ಮಾರುಕಟ್ಟೆಯ ಭರವಸೆಗಳನ್ನೂ ಈ ಭೇದವನ್ನು ಮುಂದಿಟ್ಟುಕೊಂಡು ನೋಡಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಊಟಕ್ಕೆ ಯಾವ ಬಣ್ಣ?

1882ರಲ್ಲಿ ಜರ್ಮನಿಯ ಥಿಯೋಡೋರ್ ಎಂಗೆಲ್‌ಮನ್ ಒಂದು ಸೊಗಸಾದ ಪ್ರಯೋಗ ಮಾಡಿದ. ಸೂಕ್ಷ್ಮದರ್ಶಕದ ಕೆಳಗೆ ಪಾಚಿಯ ಒಂದು ಎಳೆಯಿಟ್ಟು, ಅದರ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣಗಳನ್ನು ಹಾಯಿಸಿದ. ಸುತ್ತಲಿನ ನೀರಿಗೆ ಆಮ್ಲಜನಕವನ್ನು ಅರಸಿ ಹೋಗುವ ಬ್ಯಾಕ್ಟೀರಿಯಾಗಳನ್ನು ಬಿಟ್ಟ. ಅವು ಕೆಂಪು ಮತ್ತು ನೀಲಿ ಬಿದ್ದ ಜಾಗಗಳಲ್ಲಿ ಗುಂಪುಗೂಡಿದವು. ಹಸಿರು ಬಿದ್ದಲ್ಲಿ ವಿರಳವಾಗಿದ್ದವು. ದ್ಯುತಿಸಂಶ್ಲೇಷಣೆ ಯಾವ ಬಣ್ಣದಲ್ಲಿ ಚುರುಕು ಎಂಬುದನ್ನು ಬ್ಯಾಕ್ಟೀರಿಯಾಗಳೇ ತೋರಿಸಿಕೊಟ್ಟವು.

ಬಣ್ಣದ ಬೆಳಕಿನ ಬಗ್ಗೆ ಹುಸಿ ನಂಬಿಕೆಯೂ ಅದೇ ಕಾಲದ್ದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಗಸ್ಟಸ್ ಪ್ಲೆಸಂಟನ್ ಎಂಬಾತ ತನ್ನ ದ್ರಾಕ್ಷಿಮನೆಗೆ ನಡುನಡುವೆ ನೀಲಿ ಗಾಜು ಹಾಕಿಸಿ, ಬಳ್ಳಿ ಅದ್ಭುತವಾಗಿ ಬೆಳೆಯಿತೆಂದು ಸಾರಿದ. 1876ರಲ್ಲಿ ನೀಲಿ ಕಾಗದದ ಮೇಲೆ ಪುಸ್ತಕವನ್ನೇ ಅಚ್ಚು ಹಾಕಿಸಿದ. ನೀಲಿ ಗಾಜಿನ ಹುಚ್ಚು ಕೆಲಕಾಲ ಊರೆಲ್ಲ ಹಬ್ಬಿ ಇಳಿದುಹೋಯಿತು. ನೀಲಿ ಗಾಜು ನೀಲಿ ಬೆಳಕನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಉಳಿದ ಬಣ್ಣಗಳನ್ನು ತಡೆಯುತ್ತದೆ ಅಷ್ಟೆ. ಅಂದರೆ ಬಳ್ಳಿಗೆ ಸಿಕ್ಕ ಒಟ್ಟು ಬೆಳಕು ಕಡಿಮೆಯೇ ಆಗಿತ್ತು.

‘ಎಲೆ ಹಸಿರಾಗಿ ಕಾಣುತ್ತದೆ, ಆದ್ದರಿಂದ ಹಸಿರು ಬೆಳಕು ಗಿಡಕ್ಕೆ ಬೇಡ’ ಎಂಬುದು ಇಂದಿಗೂ ಚಾಲ್ತಿಯಲ್ಲಿರುವ ಅರ್ಧಸತ್ಯ. ಪರೀಕ್ಷಾ ನಳಿಕೆಯಲ್ಲಿ ಬೇರ್ಪಡಿಸಿದ ಹರಿತ್ತು ನೀಲಿ ಮತ್ತು ಕೆಂಪನ್ನು ಮುಖ್ಯವಾಗಿ ಹೀರುವುದು ನಿಜ. ಆದರೆ ಎಲೆ ಬರಿಯ ಹರಿತ್ತಿನ ದ್ರಾವಣವಲ್ಲ. ಅದರೊಳಗೆ ಬೆಳಕು ಕೋಶದಿಂದ ಕೋಶಕ್ಕೆ ಚದುರಿ ಹಲವು ಬಾರಿ ಹಾಯುತ್ತದೆ. ಹಾಗಾಗಿ ಹಸಿರು ಬೆಳಕಿನ ಬಹುಪಾಲು ಕೊನೆಗೆ ಎಲೆಯಲ್ಲೇ ಉಳಿಯುತ್ತದೆ. 1970ರ ದಶಕದ ಆರಂಭದಲ್ಲಿ ಕೀತ್ ಮಕ್ರೀ 22 ಬೆಳೆಗಳ ಎಲೆಗಳನ್ನು ಬಣ್ಣ ಬಣ್ಣದ ಬೆಳಕಿನಲ್ಲಿ ಅಳೆದು ನೋಡಿದ. 400ರಿಂದ 700 ನ್ಯಾನೊಮೀಟರ್‌ವರೆಗಿನ ಎಲ್ಲ ಬಣ್ಣಗಳೂ ಸಕ್ಕರೆ ತಯಾರಿಕೆಗೆ ಒದಗುತ್ತವೆ; ಕೆಂಪು ಮುಂದಿದೆ, ಆದರೆ ಹಸಿರು ಕೈಬಿಡುವಂಥದ್ದಲ್ಲ ಎಂಬುದು ಅದರಿಂದ ಖಚಿತವಾಯಿತು. ಜಪಾನಿನ ಇಚಿರೊ ತೆರಾಶಿಮಾ ತಂಡ 2009ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬಿಳಿ ಬೆಳಕು ಪ್ರಖರವಾಗಿರುವಾಗ ಎಲೆಯ ಮೇಲ್ಪದರ ತುಂಬಿಹೋಗಿರುತ್ತದೆ; ಆಗ ಹೆಚ್ಚುವರಿಯಾಗಿ ಕೊಟ್ಟ ಹಸಿರು ಒಳಪದರಗಳಿಗೆ ಇಳಿದು, ಅಷ್ಟೇ ಕೆಂಪಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ತೋರಿಸಿತು.

ಊಟದ ವಿಷಯದಲ್ಲಿ ಬಣ್ಣಕ್ಕಿಂತ ಮೊತ್ತವೇ ದೊಡ್ಡದು. ಇಲ್ಲಿ ನಮ್ಮ ಕಣ್ಣು ಮೋಸ ಮಾಡುತ್ತದೆ. ಬಯಲಿನ ನಡುಮಧ್ಯಾಹ್ನದ ಬಿಸಿಲಿಗೂ ಕಿಟಕಿಯಿಂದ ದೂರವಿರುವ ಕೋಣೆಯ ಮೂಲೆಗೂ ನೂರಾರು ಪಟ್ಟು ಅಂತರವಿರುತ್ತದೆ. ಕಣ್ಣು ಹೊಂದಿಕೊಳ್ಳುವುದರಿಂದ ನಮಗೆ ಎರಡೂ ಬೆಳಕೇ. ಗಿಡಕ್ಕೆ ಮಾತ್ರ ಎರಡನೆಯದು ಉಪವಾಸ.

ಬಣ್ಣ ಹೊತ್ತು ತರುವ ಸುದ್ದಿ

ಪಂಚಾಂಗದ ಮಾತು ಬಂದಾಗ ಬಣ್ಣವೇ ಮುಖ್ಯವಾಗುತ್ತದೆ. ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆ ಸೇರಿ ಹುಲ್ಲಿನ ಮೊಳಕೆಯ ತುದಿಗೆ ಪುಟ್ಟ ಟೋಪಿ ಹಾಕಿ ನೋಡಿದ್ದ. ತುದಿ ಮುಚ್ಚಿದರೆ ಮೊಳಕೆ ಬೆಳಕಿನತ್ತ ಬಾಗುತ್ತಿರಲಿಲ್ಲ. 1880ರಲ್ಲಿ ಪ್ರಕಟವಾದ ಆ ಪ್ರಯೋಗದಿಂದ, ಬೆಳಕನ್ನು ಗ್ರಹಿಸುವ ಜಾಗ ಬೇರೆ, ಬಾಗುವ ಜಾಗ ಬೇರೆ ಎಂಬುದು ತಿಳಿಯಿತು. ಈ ಬಾಗುವಿಕೆಗೆ ಕಾರಣವಾದ ನೀಲಿ ಬೆಳಕಿನ ಗ್ರಾಹಕ ‘ಫೋಟೊಟ್ರೋಪಿನ್’ ಮತ್ತು ಅದರ ಜೊತೆಗಾರ ‘ಕ್ರಿಪ್ಟೋಕ್ರೋಮ್’ ಯಾವುವೆಂದು ಸಿಕ್ಕಿದ್ದು 1990ರ ದಶಕದಲ್ಲಿ. ನೀಲಿ ಬೆಳಕು ಕಾಂಡವನ್ನು ಗಿಡ್ಡವಾಗಿ ಗಟ್ಟಿಯಾಗಿ ಇಡುತ್ತದೆ, ಎಲೆಯ ಪತ್ರರಂಧ್ರಗಳನ್ನು ತೆರೆಸುತ್ತದೆ. ಬರಿ ಕೆಂಪು ದೀಪದಡಿ ಬೆಳೆಸಿದ ಸಸಿಗಳು ಸೊರಗಿ ಉದ್ದವಾಗಲು ಈ ನೀಲಿಯ ಕೊರತೆಯೇ ಕಾರಣ.

ಕೆಂಪಿನ ಕತೆ ಇನ್ನೂ ಸ್ವಾರಸ್ಯದ್ದು. ಲೆಟಿಸ್ ಸೊಪ್ಪಿನ ಕೆಲವು ತಳಿಗಳ ಬೀಜ ಕತ್ತಲಲ್ಲಿ ಮೊಳೆಯುವುದಿಲ್ಲ. ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬೋರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಜೊತೆಗಾರರು ನೆನೆಸಿದ ಬೀಜಗಳಿಗೆ ಸ್ವಲ್ಪ ಹೊತ್ತು ಕೆಂಪು ಬೆಳಕು ತೋರಿಸಿದರು, ಬೀಜ ಮೊಳೆಯಿತು. ಕೆಂಪಿನ ಬೆನ್ನಿಗೇ ಅತಿಗೆಂಪು, ಅಂದರೆ ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ 730 ನ್ಯಾನೊಮೀಟರ್ ಸುತ್ತಲಿನ ಬೆಳಕನ್ನು ತೋರಿಸಿದರು, ಬೀಜ ಮೊಳೆಯಲಿಲ್ಲ. ಕೆಂಪು, ಅತಿಗೆಂಪು, ಮತ್ತೆ ಕೆಂಪು ಎಂದು ಹಲವು ಬಾರಿ ಅದಲುಬದಲು ಮಾಡಿದರೂ ಫಲಿತಾಂಶ ಒಂದೇ: ಕೊನೆಯಲ್ಲಿ ಯಾವುದನ್ನು ತೋರಿಸಿದರೋ ಅದರ ಮಾತೇ ನಡೆಯಿತು. 1952ರ ಈ ವರದಿಯ ಆಧಾರದ ಮೇಲೆ, ಎರಡು ರೂಪಗಳ ನಡುವೆ ಹೊರಳುವ ಒಂದೇ ವರ್ಣದ್ರವ್ಯವಿರಬೇಕು ಎಂದು ಅವರು ಊಹಿಸಿದರು. 1959ರಲ್ಲಿ ಅದು ಪತ್ತೆಯಾಯಿತು. ಅದೇ ಫೈಟೋಕ್ರೋಮ್.

ಬೀಜಕ್ಕೆ ಈ ವಿವೇಚನೆ ಯಾಕೆ ಬೇಕು? ಬಯಲು ಬಿಸಿಲಿನಲ್ಲಿ ಕೆಂಪು ಮತ್ತು ಅತಿಗೆಂಪು ಹೆಚ್ಚುಕಡಿಮೆ ಸಮಸಮವಾಗಿರುತ್ತವೆ. ಎಲೆಗಳ ಕೆಳಗೆ ಹಾಗಲ್ಲ. ಮೇಲಿನ ಎಲೆಗಳು ಕೆಂಪನ್ನು ಉಂಡು ಅತಿಗೆಂಪನ್ನು ಕೆಳಕ್ಕೆ ಬಿಡುತ್ತವೆ. ದಟ್ಟ ಪೈರಿನ ಬುಡದಲ್ಲಿ ಕೆಂಪಿನ ಪಾಲು ಹತ್ತರಲ್ಲಿ ಒಂದಕ್ಕೂ ಇಳಿಯಬಹುದು. ‘ನಿನ್ನ ಮೇಲೆ ಬೇರೆ ಗಿಡ ನಿಂತಿದೆ’ ಎಂಬ ಸುದ್ದಿ ಗಿಡಕ್ಕೆ ತಲುಪುವುದು ಹೀಗೆ. ಸುದ್ದಿ ತಲುಪಿದೊಡನೆ ಅದು ಕವಲೊಡೆಯುವುದನ್ನು ಬಿಟ್ಟು ಎತ್ತರಕ್ಕೆ ಏಳುತ್ತದೆ. ಒತ್ತಾಗಿ ಬಿತ್ತಿದ ಹೊಲದಲ್ಲಿ ಪೈರು ಸಣಕಲಾಗಿ ಬೆಳೆದು ಗಾಳಿಗೆ ಒರಗಲು ಗೊಬ್ಬರ, ನೀರಿನ ಪೈಪೋಟಿ ಮಾತ್ರ ಕಾರಣವಲ್ಲ. ನೆರಳು ಇನ್ನೂ ಬೀಳುವ ಮೊದಲೇ ಪಕ್ಕದ ಎಲೆಯಿಂದ ಚಿಮ್ಮಿದ ಅತಿಗೆಂಪು ಎಚ್ಚರಿಕೆ ಕೊಟ್ಟಿರುತ್ತದೆ.

ಗಿಡ ಎಣಿಸುವುದು ರಾತ್ರಿಯನ್ನು

ಹಗಲಿನ ಉದ್ದದ ರಹಸ್ಯ ಒಡೆದದ್ದು ಒಂದು ಹಟಮಾರಿ ಹೊಗೆಸೊಪ್ಪಿನಿಂದ. ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಳಿ ಬೇಸಿಗೆಯುದ್ದಕ್ಕೂ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂ ಬಿಡುತ್ತಿರಲಿಲ್ಲ. ಚಳಿಗಾಲದ ಗಾಜಿನಮನೆಯಲ್ಲಿ ಮಾತ್ರ ಹೂ ಬಿಡುತ್ತಿತ್ತು. ಡಬ್ಲ್ಯು. ಡಬ್ಲ್ಯು. ಗಾರ್ನರ್ ಮತ್ತು ಎಚ್. ಎ. ಅಲಾರ್ಡ್ ಉಷ್ಣತೆ, ತೇವ, ಗೊಬ್ಬರ ಎಲ್ಲವನ್ನೂ ಪರೀಕ್ಷಿಸಿ, ಕೊನೆಗೆ 1918ರ ಬೇಸಿಗೆಯಲ್ಲಿ ಗಿಡಗಳನ್ನು ಮಧ್ಯಾಹ್ನದ ಮೇಲೆ ಕತ್ತಲ ಗೂಡಿಗೆ ಸೇರಿಸತೊಡಗಿದರು. ಹೂ ಬಂತು. ಸೋಯಾ ಅವರೆಯ ‘ಬಿಲಾಕ್ಸಿ’ ತಳಿಯನ್ನು ಬೇರೆ ಬೇರೆ ದಿನ ಬಿತ್ತಿದರೂ ಎಲ್ಲ ಸಾಲುಗಳೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಹೂವಿಗೆ ಬರುತ್ತಿದ್ದ ಒಗಟೂ ಅದರೊಡನೆ ಬಿಡಿಸಿಕೊಂಡಿತು. 1920ರ ಅವರ ಪ್ರಬಂಧ ಗಿಡಗಳನ್ನು ಹ್ರಸ್ವ ಹಗಲಿನವು, ದೀರ್ಘ ಹಗಲಿನವು, ಹಗಲಿನ ಗೊಡವೆ ಇಲ್ಲದವು ಎಂದು ವಿಂಗಡಿಸಿತು. ಸೇವಂತಿಗೆ, ತೊಗರಿ, ಹುಚ್ಚೆಳ್ಳು ಮೊದಲ ಗುಂಪಿಗೆ ಸೇರುತ್ತವೆ. ಗೋಧಿ, ಬಾರ್ಲಿ, ಕಡಲೆ ಎರಡನೆಯದಕ್ಕೆ. ಟೊಮೆಟೊ, ಗುಲಾಬಿ ಮೂರನೆಯದಕ್ಕೆ.

ಈ ಹೆಸರುಗಳೇ ಸ್ವಲ್ಪ ದಾರಿ ತಪ್ಪಿಸುವಂಥವು ಎಂಬುದು 1938ರಲ್ಲಿ ಗೊತ್ತಾಯಿತು. ಕಾರ್ಲ್ ಹ್ಯಾಮ್ನರ್ ಮತ್ತು ಜೇಮ್ಸ್ ಬಾನರ್ ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಕಳೆಗಿಡ ಕ್ಸಾಂಥಿಯಂ ಮೇಲೆ ಕೆಲಸ ಮಾಡುತ್ತಿದ್ದರು. ಹಗಲನ್ನು ನಡುವೆ ಕತ್ತಲಿನಿಂದ ತುಂಡರಿಸಿದರೆ ಏನೂ ಆಗಲಿಲ್ಲ. ರಾತ್ರಿಯನ್ನು ನಡುವೆ ಕ್ಷಣಕಾಲ ಬೆಳಕಿನಿಂದ ತುಂಡರಿಸಿದರೆ ಹೂವೇ ನಿಂತಿತು. ಗಿಡ ಅಳೆಯುತ್ತಿದ್ದುದು ಎಡೆಬಿಡದ ಕತ್ತಲನ್ನು. ಆ ಅಳತೆಯನ್ನು ಕೆಡಿಸುವುದರಲ್ಲಿ ಕೆಂಪು ಬೆಳಕು ಎಲ್ಲಕ್ಕಿಂತ ಸಮರ್ಥ. ಒಡನೆಯೇ ಅತಿಗೆಂಪು ತೋರಿಸಿದರೆ ಕೆಟ್ಟದ್ದು ಸರಿಹೋಗುತ್ತದೆ. ಲೆಟಿಸ್ ಬೀಜದ ಫೈಟೋಕ್ರೋಮೇ ಇಲ್ಲೂ ಕೆಲಸ ಮಾಡುತ್ತಿದೆ. ಬೆಳಕಿನ ಸುದ್ದಿಯನ್ನು ಗಿಡದೊಳಗಿನ ದಿನದ ಗಡಿಯಾರದೊಂದಿಗೆ ತಾಳೆ ನೋಡಲಾಗುತ್ತದೆ ಎಂದು ಎರ್ವಿನ್ ಬ್ಯೂನಿಂಗ್ 1936ರಲ್ಲೇ ಸೂಚಿಸಿದ್ದ.

ಕತ್ತಲನ್ನು ಅಳೆಯುವುದು ಎಲೆ, ಹೂ ಬಿಡುವುದು ಕುಡಿ. ಹಾಗಾದರೆ ಎಲೆಯಿಂದ ಕುಡಿಗೆ ಏನೋ ಒಂದು ಹೋಗಬೇಕು. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ 1930ರ ದಶಕದಲ್ಲಿ ಅದಕ್ಕೆ ‘ಫ್ಲೋರಿಜೆನ್’ ಎಂದು ಹೆಸರಿಟ್ಟ. ವಸ್ತು ಕೈಗೆ ಸಿಗಲು ಸುಮಾರು 70 ವರ್ಷ ಬೇಕಾಯಿತು. ಎಫ್‌ಟಿ ಎಂಬ ಪುಟ್ಟ ಪ್ರೋಟೀನು ಎಲೆಯಲ್ಲಿ ಹುಟ್ಟಿ ಕುಡಿಗೆ ಸಾಗುತ್ತದೆಂದು 2007ರಲ್ಲಿ ಪ್ರಯೋಗಾಲಯದ ಮಾದರಿ ಗಿಡವಾದ ಅರಾಬಿಡಾಪ್ಸಿಸ್‌ನಲ್ಲೂ, ಅದರ ಸೋದರ ಪ್ರೋಟೀನು ಭತ್ತದಲ್ಲೂ ಕೆಲಸ ಮಾಡುತ್ತದೆಂದು ಸಿದ್ಧವಾಯಿತು.

ಒಂದೂವರೆ ಗಂಟೆಯ ವ್ಯತ್ಯಾಸ

ಲಂಡನ್ನಿನಲ್ಲಿ ಬೇಸಿಗೆಯ ಹಗಲು 16 ಗಂಟೆ ಮೀರುತ್ತದೆ, ಚಳಿಗಾಲದ್ದು ಎಂಟಕ್ಕೂ ಕಡಿಮೆ. ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲು ಸುಮಾರು 12 ಗಂಟೆ 53 ನಿಮಿಷ, ಅತಿ ಹ್ರಸ್ವ ಹಗಲು ಸುಮಾರು 11 ಗಂಟೆ 22 ನಿಮಿಷ. ಬೀದರಿಗೆ ಹೋದರೂ ಅಂತರ ಎರಡು ಗಂಟೆಯ ಆಸುಪಾಸು. ಇಷ್ಟು ಕಡಿಮೆ ವ್ಯತ್ಯಾಸ ನಮ್ಮ ಬೆಳೆಗಳಿಗೆ ಯಾವ ಲೆಕ್ಕ ಎನಿಸಬಹುದು. ಆದರೆ ಇಲ್ಲಿ ಹುಟ್ಟಿ ಬೆಳೆದ ತಳಿಗಳು ಈ ಸಣ್ಣ ಅಂತರವನ್ನೇ ಓದಲು ಕಲಿತಿವೆ.

ಅವರೆಯನ್ನು ನೋಡಿ. ಹಳೇ ಮೈಸೂರು ಸೀಮೆಯಲ್ಲಿ ಅದು ರಾಗಿ ಹೊಲದ ಅಕ್ಕಡಿ ಸಾಲಿನ ಬೆಳೆ. ಮುಂಗಾರಿನಲ್ಲಿ ರಾಗಿಯೊಡನೆ ಬಿದ್ದ ಬೀಜ ತಿಂಗಳುಗಟ್ಟಲೆ ಎಲೆ, ಬಳ್ಳಿ ಬೆಳೆಸುತ್ತ ಸುಮ್ಮನಿರುತ್ತದೆ. ರಾಗಿ ಕೊಯ್ಲಾಗುವ ಹೊತ್ತಿಗೆ ರಾತ್ರಿ ಉದ್ದವಾಗಿ ಅವರೆ ಹೂವಿಗೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಕಾಯಿ ಬೆಂಗಳೂರಿನ ಬೀದಿಗೆ ಬರುತ್ತದೆ. ಚಳಿಗೆ ಅವರೆ ಬಂತು ಎನ್ನುತ್ತೇವೆ; ಅದನ್ನು ಕರೆತಂದದ್ದು ಮುಖ್ಯವಾಗಿ ನೀಳವಾದ ರಾತ್ರಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಈ ಗುಣವನ್ನು ತೆಗೆದು ‘ಹೆಬ್ಬಾಳ ಅವರೆ’ ತಳಿಗಳನ್ನು ರೂಪಿಸಿತು. ಎಚ್‌.ಎ.-3, ಎಚ್‌.ಎ.-4 ಗಿಡ್ಡವಾಗಿ ಬೆಳೆದು ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ.

ಕಲಬುರಗಿಯ ತೊಗರಿಯದೂ ಇದೇ ಸ್ವಭಾವ. ಜೂನ್‌ನಲ್ಲಿ ಬಿತ್ತಿದ ಗಿಡಕ್ಕೆ ಹೂವಿಗೆ ಮುನ್ನ ಆಳುದ್ದ ಬೆಳೆಯಲು ಬೇಕಾದಷ್ಟು ದಿನ ಸಿಗುತ್ತದೆ. ಬಿತ್ತನೆ ತೀರಾ ತಡವಾದರೆ ರಾತ್ರಿ ಆಗಲೇ ಉದ್ದವಾಗಿರುತ್ತದೆ. ಗಿಡ ಮೊಳಕಾಲೆತ್ತರದಲ್ಲೇ ಹೂ ಬಿಟ್ಟು, ಕೊಂಬೆಗಳಿಲ್ಲದೆ ಇಳುವರಿ ಕುಸಿಯುತ್ತದೆ. ಹೀಗಾಗಿಯೇ ತಡವಾದ ಬಿತ್ತನೆಗೆ ಸಾಲುಗಳನ್ನು ಹತ್ತಿರ ಮಾಡಿ ಗಿಡಗಳ ಸಂಖ್ಯೆ ಹೆಚ್ಚಿಸುವ ರೂಢಿ ಇದೆ.

ಈರುಳ್ಳಿ ಗೆಡ್ಡೆ ಕಟ್ಟಲು ಬೇರೆ ಲೆಕ್ಕ ಹಿಡಿಯುತ್ತದೆ. ಅದಕ್ಕೆ ಹಗಲು ಒಂದು ಮಿತಿಯನ್ನು ದಾಟಬೇಕು. ನಮ್ಮ ತಳಿಗಳಿಗೆ 12 ಗಂಟೆಯ ಆಸುಪಾಸು ಸಾಕು. ಉತ್ತರ ಯುರೋಪಿನ ತಳಿಗಳಿಗೆ 14 ಗಂಟೆಗಿಂತ ಹೆಚ್ಚು ಬೇಕು. ಆ ಬೀಜವನ್ನು ಗದಗಿನಲ್ಲಿ ಬಿತ್ತಿದರೆ ಸೊಪ್ಪು ಬೆಳೆದೀತು, ಗೆಡ್ಡೆ ಕೂರುವುದಿಲ್ಲ. ಕಬ್ಬಿನದು ಇನ್ನೂ ಸೂಕ್ಷ್ಮ: ಹಗಲು ಹನ್ನೆರಡೂವರೆ ಗಂಟೆಯ ಸುತ್ತ ಇರುವ ಕೆಲವೇ ವಾರಗಳಲ್ಲಿ ಸೂಲಂಗಿಯ, ಅಂದರೆ ಹೂತೆನೆಯ, ನಿರ್ಧಾರವಾಗುತ್ತದೆ. ಉತ್ತರ ಭಾರತದಲ್ಲಿ ಕಬ್ಬು ಸರಿಯಾಗಿ ಹೂ ಬಿಟ್ಟು ಬೀಜ ಕಟ್ಟದು. 1912ರಲ್ಲಿ ಕಬ್ಬು ತಳಿ ಸಂಶೋಧನಾ ಕೇಂದ್ರವನ್ನು 11 ಡಿಗ್ರಿ ಅಕ್ಷಾಂಶದ ಕೊಯಮತ್ತೂರಿನಲ್ಲಿ ಸ್ಥಾಪಿಸಲು ಅಲ್ಲಿ ಕಬ್ಬು ಚೆನ್ನಾಗಿ ಹೂ ಬಿಡುವುದೇ ಮುಖ್ಯ ಕಾರಣ.

ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಹಬ್ಬಗಳು ಚಂದ್ರನ ತಿಥಿಯಂತೆ ವರ್ಷ ವರ್ಷ ಹಿಂದೆ ಮುಂದೆ ಓಡಾಡುತ್ತವೆ. ರೋಹಿಣಿ, ಮೃಗಶಿರ, ಆರಿದ್ರಾ ಮಳೆಗಳು ಹಾಗಲ್ಲ. ಸೂರ್ಯ ಆಯಾ ನಕ್ಷತ್ರಕ್ಕೆ ಬರುವ ದಿನಕ್ಕೆ ಅವು ಕಟ್ಟುಬಿದ್ದಿವೆ. ಆರಿದ್ರಾ ಶುರುವಾಗುವುದು ಜೂನ್ 22ರ ಸುಮಾರಿಗೆ, ವರ್ಷದ ಅತಿ ದೀರ್ಘ ಹಗಲಿನ ಆಸುಪಾಸಿನಲ್ಲಿ. ‘ಇಂಥ ಮಳೆಯಲ್ಲಿ ಇಂಥ ಬಿತ್ತನೆ’ ಎಂಬ ಮಾತಿನಲ್ಲಿ ತೇವದ ಅಂದಾಜಿನ ಜೊತೆಗೆ ಹಗಲಿನ ಉದ್ದವೂ ತಾನಾಗಿ ಸೇರಿಕೊಂಡಿದೆ.

ಬಲ್ಬಿನ ಲೆಕ್ಕಾಚಾರ

ಈಗ ಸೇವಂತಿಗೆಗೆ ಮರಳಬಹುದು. ಬಹಳಷ್ಟು ವಾಣಿಜ್ಯ ತಳಿಗಳು ಬರಿ ಎಲೆ ಬೆಳೆಸುತ್ತಿರಬೇಕಾದರೆ ಹಗಲು 13 ಗಂಟೆಗೂ ಮಿಗಿಲಾಗಿರಬೇಕು. ಬೆಂಗಳೂರಿನ ಸುತ್ತ ಅಂಥ ಹಗಲೇ ಇಲ್ಲ. ಮುಂಜಾವು ಮುಸ್ಸಂಜೆಯ ನಸುಬೆಳಕು ಸೇರಿಸಿದರೂ ಅಂಚಿಗೆ ಮುಟ್ಟೀತು ಅಷ್ಟೆ. ಸಸಿ ನೆಟ್ಟ ಕೂಡಲೇ ಮೊಗ್ಗಿನ ಯೋಚನೆಗೆ ಬೀಳುತ್ತದೆ. ಅದಕ್ಕೇ ನೆಟ್ಟ ಮೇಲೆ ಸುಮಾರು ಒಂದು, ಒಂದೂವರೆ ತಿಂಗಳು ರಾತ್ರಿ ಕೆಲವು ಗಂಟೆ ದೀಪ. ಆರಿಸಿದ ಮೇಲೆ ತಳಿಗೆ ತಕ್ಕಂತೆ ಎರಡು, ಎರಡೂವರೆ ತಿಂಗಳಿಗೆ ಹೂ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಗಳು ಚಂದ್ರನನ್ನು ಅನುಸರಿಸುತ್ತವೆ, ಗಿಡ ಸೂರ್ಯನನ್ನು ಅನುಸರಿಸುತ್ತದೆ. ಹೂವಿನ ಬೆಲೆ ಏರುವ ದಿನಕ್ಕೆ ಗಿಡವನ್ನು ಹೊಂದಿಸುವ ಕೆಲಸ ಸ್ವಿಚ್ಚಿನದು.

ಅದೇ ಬಲ್ಬು ಇನ್ನೊಂದು ಬೆಳೆಯಲ್ಲಿ ಎದುರು ಕೆಲಸ ಮಾಡುತ್ತದೆ. ಡ್ರ್ಯಾಗನ್ ಹಣ್ಣು ದೀರ್ಘ ಹಗಲಿನ ಗಿಡ. ವಿಯೆಟ್ನಾಂನ ಬಿನ್ ಥುವಾನ್ ಸೀಮೆಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ತೋಟಗಳಿಗೆ ದೀಪ ಹಾಕಿ ಅಕಾಲದಲ್ಲಿ ಹೂ ಬಿಡಿಸುತ್ತಾರೆ. ಭಾರತದಲ್ಲೂ ಕೆಲವು ಬೆಳೆಗಾರರು ಈ ದಾರಿ ಹಿಡಿದಿದ್ದಾರೆ. ಹಾಗಾಗಿ ‘ದೀಪ ಹಾಕಿದರೆ ಹೂ ಬರುತ್ತದೆಯೇ?’ ಎಂಬ ಪ್ರಶ್ನೆಗೆ ಗಿಡ ಯಾವುದೆಂದು ಕೇಳದೆ ಉತ್ತರವಿಲ್ಲ. ದೀಪದ ಬಣ್ಣವನ್ನೂ ಕೇಳಬೇಕು. ಸೇವಂತಿಗೆಯ ರಾತ್ರಿಯನ್ನು ಮುರಿಯಲು ಬೇಕಿರುವುದು ಕೆಂಪಿನ ಅಂಶ. ನೀಲಿ ಛಾಯೆಯ ತಂಪು ಬಿಳಿ ಬಲ್ಬಿಗಿಂತ ಹಳದಿ ಛಾಯೆಯ ಬಲ್ಬಿನಲ್ಲಿ ಅದು ಹೆಚ್ಚಿರುತ್ತದೆ.

ಖರ್ಚಿನ ವಿಷಯಕ್ಕೆ ಬರೋಣ. ಎಕರೆಗೆ 10 ವಾಟ್‌ನ 400 ಬಲ್ಬು, ರಾತ್ರಿ ನಾಲ್ಕು ಗಂಟೆ ಎಂದು ಹಿಡಿದರೆ ತಗಲುವುದು 16 ಯೂನಿಟ್. ಅದೇ ಎಕರೆಯಷ್ಟು ಜಾಗದಲ್ಲಿ ಬಿಸಿಲೇ ಇಲ್ಲದೆ ಪೂರ್ತಿ ದೀಪದಡಿ ಲೆಟಿಸ್ ಬೆಳೆಸುವುದಾದರೆ, ಇಂದಿನ ಉತ್ತಮ ಎಲ್‌ಇಡಿಗಳಿಗೂ ಚದರ ಮೀಟರಿಗೆ ದಿನಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚೇ ಬೇಕು. ಎಕರೆಗೆ ನಾಲ್ಕೂವರೆ ಸಾವಿರ ಯೂನಿಟ್ ದಾಟುತ್ತದೆ. ಭತ್ತ, ಗೋಧಿಯ ಹೊಟ್ಟೆ ಅದಕ್ಕಿಂತ ಬಹಳ ದೊಡ್ಡದು. ಪಂಚಾಂಗ ಅಗ್ಗ, ಊಟ ದುಬಾರಿ. ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಒಳಾಂಗಣದಲ್ಲಿ ಬೆಳೆಯುವ ಉದ್ಯಮ ಸೊಪ್ಪು, ಮೊಳಕೆಗಳಾಚೆ ಹೋಗಲು ತಿಣುಕುತ್ತಿರುವುದಕ್ಕೆ ಮುಖ್ಯ ಕಾರಣ ಈ ಲೆಕ್ಕವೇ. ಆ ವಲಯದ ಹೆಸರಾಂತ ಅಮೆರಿಕನ್ ಕಂಪನಿ ಏರೋಫಾರ್ಮ್ಸ್ 2023ರಲ್ಲಿ ದಿವಾಳಿ ರಕ್ಷಣೆಯ ಮೊರೆಹೋಯಿತು. ನೀಲಿ ಎಲ್‌ಇಡಿಗೆ 2014ರ ನೊಬೆಲ್ ಬಂದದ್ದು ನ್ಯಾಯವೇ. ಅದರಿಂದ ದೀಪದ ದಕ್ಷತೆ ಏರಿತು. ಆದರೆ ಬಿಸಿಲು ಬಿಟ್ಟಿ ಸಿಗುವ ನಾಡಿನಲ್ಲಿ ಬಿಸಿಲಿನೊಡನೆ ಸ್ಪರ್ಧಿಸುವಷ್ಟು ಏರಿಲ್ಲ.

ಕೃತಕ ಬೆಳಕಿಗೆ ಹಾಕಿದ ಹಣ ಹಲವು ಪಟ್ಟು ಮರಳುವ ಜಾಗ ತಳಿ ಅಭಿವೃದ್ಧಿಯ ಪ್ರಯೋಗಶಾಲೆ. ಲೀ ಹಿಕಿ ಮತ್ತಿತರ ಆಸ್ಟ್ರೇಲಿಯಾ, ಬ್ರಿಟನ್ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ‘ಸ್ಪೀಡ್ ಬ್ರೀಡಿಂಗ್’ ವಿಧಾನದಲ್ಲಿ ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ಗೋಧಿ, ಬಾರ್ಲಿ, ಕಡಲೆಗಳನ್ನು ವರ್ಷಕ್ಕೆ ಆರು ಪೀಳಿಗೆಯವರೆಗೆ ಬೆಳೆಸಬಹುದು. ಹತ್ತಾರು ವರ್ಷ ಹಿಡಿಯುತ್ತಿದ್ದ ತಳಿ ಕೆಲಸದ ಬಹುಭಾಗ ಕೆಲವೇ ವರ್ಷಕ್ಕೆ ಇಳಿಯುತ್ತದೆ. ತೊಗರಿ, ಭತ್ತದಂಥ ಹ್ರಸ್ವ ಹಗಲಿನ ಬೆಳೆಗಳಿಗೆ ಅದೇ ಸೂತ್ರ ಹೊಂದದ ಕಾರಣ, ಅವಕ್ಕೆ ತಕ್ಕ ಬಣ್ಣ ಮತ್ತು ಗಂಟೆಗಳನ್ನು ಬೇರೆಯಾಗಿ ಹೊಂದಿಸಬೇಕಾಗಿದೆ.

ಸೂಕ್ಷ್ಮತೆ ದೋಷವೇ?

ಹಸಿರು ಕ್ರಾಂತಿಯ ಕಾಲದಿಂದ ‘ಹಗಲಿನ ಗೊಡವೆ ಇಲ್ಲದ ತಳಿ’ ಎಂಬುದು ಪ್ರಗತಿಯ ಗುರುತಾಗಿದೆ. 1966ರ ಐಆರ್-8 ಭತ್ತ ಎಲ್ಲಿ, ಯಾವಾಗ ಬಿತ್ತಿದರೂ ನಿಗದಿತ ದಿನಕ್ಕೆ ತೆನೆ ಕೊಟ್ಟಿತು. ವರ್ಷಕ್ಕೆ ಎರಡು, ಮೂರು ಬೆಳೆ ಸಾಧ್ಯವಾಯಿತು. ನೀರಾವರಿ ಇದ್ದಲ್ಲಿ ಈ ಗುಣದ ಲಾಭವನ್ನು ಅಲ್ಲಗಳೆಯಲಾಗದು.

ಮಳೆಯಾಶ್ರಿತ ಹೊಲದಲ್ಲಿ ಮಾತ್ರ ಇದಕ್ಕೆ ಇನ್ನೊಂದು ಮಗ್ಗುಲಿದೆ. ರಾತ್ರಿ ಎಣಿಸುವ ಹಳೆಯ ತಳಿ, ಬಿತ್ತನೆ ಎರಡು ವಾರ ಹಿಂದು ಮುಂದಾದರೂ ಮಳೆಗಾಲ ಮುಗಿಯುವ ಹೊತ್ತಿಗೇ ಹೂವಿಗೆ ಬಂದು, ಒಣ ಹವೆಯಲ್ಲಿ ಕೊಯ್ಲಿಗೆ ಸಿದ್ಧವಾಗುತ್ತದೆ. ದಿನ ಎಣಿಸುವ ಅಲ್ಪಾವಧಿ ತಳಿ ಬೇಗ ಬಿತ್ತಿದ ವರ್ಷ ಸುರಿಯುವ ಮಳೆಯಲ್ಲೇ ಮಾಗಿ ತೆನೆಯಲ್ಲೇ ಮೊಳಕೆಯೊಡೆಯಬಹುದು. ಹವಾಮಾನ ಬದಲಾದಂತೆ ಈ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ಮಳೆ ಹಿಂದೆ ಮುಂದೆ ಆಗುತ್ತಿದೆ, ರಾತ್ರಿಗಳು ಬೆಚ್ಚಗಾಗುತ್ತಿವೆ, ಹಗಲಿನ ಉದ್ದ ಮಾತ್ರ ಬದಲಾಗುವುದಿಲ್ಲ. ಫೈಟೋಕ್ರೋಮ್ ಬೆಳಕಿನ ಜೊತೆಗೆ ಉಷ್ಣತೆಯನ್ನೂ ಗ್ರಹಿಸುತ್ತದೆ ಎಂದು 2016ರಲ್ಲಿ ತಿಳಿದುಬಂದಿರುವುದರಿಂದ, ಬೆಚ್ಚಗಿನ ರಾತ್ರಿ ಗಿಡದ ಎಣಿಕೆಯನ್ನೂ ಅಲುಗಿಸಬಹುದು. ಹಾಗಾಗಿ ಎರಡೂ ಬಗೆಯ ತಳಿಗಳು ಕೈಯಲ್ಲಿರಬೇಕು. ಮಳೆ ತಡವಾದ ವರ್ಷ ಒಂದು, ಮಳೆ ಎಳೆದ ವರ್ಷ ಇನ್ನೊಂದು ಕಾಪಾಡುತ್ತದೆ.

ವರ್ಷಕ್ಕೆ ತಕ್ಕ ತಳಿ ಆರಿಸಲು ದುಬಾರಿ ದೀಪವೇನೂ ಬೇಕಿಲ್ಲ, ಸರಿಯಾದ ಮಾಹಿತಿ ಸಾಕು. ತಳಿ ಪರಿಚಯದ ಕರಪತ್ರಗಳಲ್ಲಿ ‘ಅವಧಿ ಇಷ್ಟು ದಿನ’ ಎಂದು ಬರೆಯುವುದು ರೂಢಿ. ರಾತ್ರಿ ಎಣಿಸುವ ತಳಿಗೆ ಆ ಅಂಕಿ ಬಿತ್ತಿದ ತಾರೀಖಿನಂತೆ ಬದಲಾಗುತ್ತದೆ. ಒಂದೇ ಅಂಕಿ ಕೊಟ್ಟರೆ ರೈತ ಲೆಕ್ಕ ತಪ್ಪುತ್ತಾನೆ. ಹಗಲಿಗೆ ಸೂಕ್ಷ್ಮವೋ ಅಲ್ಲವೋ, ಆಯಾ ಜಿಲ್ಲೆಯಲ್ಲಿ ಹೂವಿಗೆ ಬರುವುದು ಯಾವ ವಾರ, ಯಾವ ಮಳೆ ದಾಟಿದರೆ ಬಿತ್ತಬಾರದು ಎಂಬ ಮೂರು ಸಾಲು ಅಲ್ಲಿ ಸೇರಿದರೆ ಸಾಕು. ತಳಿ ಪರೀಕ್ಷೆ ಮಾಡುವ ಸಂಸ್ಥೆಗಳ ದಾಖಲೆಗಳಲ್ಲಿ ಬಿತ್ತಿದ ದಿನ, ಹೂ ಬಂದ ದಿನ ಎರಡೂ ಇರುತ್ತವೆ. ಅದನ್ನು ಬೀಜದ ಚೀಲದವರೆಗೆ ತರುವುದಷ್ಟೇ ಬಾಕಿ.